ತಿಕೋಟಾ ದಾರಿಯಷ್ಟು ಉದ್ದದ ರೇಸು

ವಿಜಯಪುರದಿಂದ ಅಥಣಿ ದಾರಿ ಹಿಡಿದು ಹೊರಟರೆ ಸುಮಾರು 20 ಕಿಲೋಮೀಟರಿಗೆ ತಿಕೋಟಾ ಸಿಗುತ್ತದೆ. ರಸ್ತೆಯ ಎರಡೂ ಬದಿಗೆ ಜೋಳದ ಹೊಲ, ನಡುನಡುವೆ ದ್ರಾಕ್ಷಿ ಪಡ, ಒಣದ್ರಾಕ್ಷಿ ಮಾಡುವ ಶೆಡ್ಡುಗಳು. ಬಸ್ಸಿನಲ್ಲಿ ಕುಳಿತರೆ ಅರ್ಧ ತಾಸಿನ ಮೇಲೆ ಹಿಡಿಯುತ್ತದೆ. ಈಗ ಒಂದು ಕಲ್ಪನೆ ಮಾಡಿಕೊಳ್ಳಿ. ಇಷ್ಟೇ ಉದ್ದದ ಒಂದು ರಸ್ತೆಯನ್ನು ಕಾಡಿನ ನಡುವೆ ಸುತ್ತುಬಳಸಿ ಹಾಸಿದ್ದಾರೆ. ಅದರಲ್ಲಿ ಎಪ್ಪತ್ತಕ್ಕೂ ಹೆಚ್ಚು ತಿರುವುಗಳು. ಅತಿ ತಗ್ಗಿನ ಜಾಗಕ್ಕೂ ಅತಿ ಎತ್ತರದ ಜಾಗಕ್ಕೂ ಸುಮಾರು 300 ಮೀಟರ್ ವ್ಯತ್ಯಾಸ. ಅಂದರೆ ನಮ್ಮ ಗೋಳಗುಮ್ಮಟವನ್ನು ಒಂದರ ಮೇಲೊಂದರಂತೆ ಐದಾರು ಸಲ ಇಟ್ಟಷ್ಟು ಏರಿಳಿತ. ಇದು ಕಲ್ಪನೆಯಲ್ಲ. ಜರ್ಮನಿಯ ನ್ಯೂರ್ಬರ್ಗ್‌ರಿಂಗ್ ಎಂಬಲ್ಲಿ 1927ರಿಂದ ಇಂಥ ರಸ್ತೆ ಇದೆ. ಅದರ ಉದ್ದ 20.8 ಕಿಲೋಮೀಟರ್.

ಅಲ್ಲಿ 1970ರಿಂದ 24 ತಾಸಿನ ಕಾರ್ ರೇಸು ನಡೆಯುತ್ತ ಬಂದಿದೆ. ಆ ರೇಸಿಗೆ ಪಕ್ಕದ ಇನ್ನೊಂದು ಟ್ರ್ಯಾಕನ್ನೂ ಸೇರಿಸುವುದರಿಂದ ಒಂದು ಸುತ್ತು 25 ಕಿಲೋಮೀಟರ್ ದಾಟುತ್ತದೆ. ಅದು ವಿಜಯಪುರದಿಂದ ಬಬಲೇಶ್ವರಕ್ಕೆ ಇರುವ ದೂರ ಎಂದುಕೊಳ್ಳಬಹುದು. 2023ರಲ್ಲಿ ಗೆದ್ದ ಕಾರು ಒಂದು ಹಗಲು ಒಂದು ರಾತ್ರಿಯಲ್ಲಿ ಅಂಥ 162 ಸುತ್ತು ಹಾಕಿತು. ನಾವು ದಿನಕ್ಕೊಮ್ಮೆ ಬಬಲೇಶ್ವರಕ್ಕೆ ಹೋಗಿ ಬಂದರೇ ಸಾಕಾಗಿ ಹೋಗುತ್ತದೆ!

ಈ ಲೆಕ್ಕವೆಲ್ಲ ನನ್ನ ತಲೆಗೆ ಬಂದದ್ದು ಒಬ್ಬ ಹುಡುಗನಿಂದಾಗಿ.

ನೋಟ್‌ಬುಕ್ಕಿನ ಅಂಕಿಗಳು

ನಾನು ವಿಜಯಪುರದಲ್ಲಿ ಪಿಯುಸಿ ಹುಡುಗರಿಗೆ ಭೌತಶಾಸ್ತ್ರ ಹೇಳಿಕೊಡುವವನು. ಕೆಲವು ತಿಂಗಳ ಹಿಂದೆ ತಿಕೋಟಾ ಕಡೆಯ ರೈತರೊಬ್ಬರು ಮನೆಗೆ ಬಂದರು. ಕೈಯಲ್ಲಿ ಮಗನ ನೋಟ್‌ಬುಕ್ಕು. ಮುಖದಲ್ಲಿ ಚಿಂತೆ.

"ಸರ, ನಮ್ಮ ಹುಡುಗನ ಮಾರ್ಕ್ಸ್ ದಿನಾ ಇಳಿಯಾಕತ್ತಾವ್ರೀ. ನೀವರ ಒಂದೀಟು ಬುದ್ಧಿ ಹೇಳ್ರಿ" ಎಂದರು.

ನೋಟ್‌ಬುಕ್ಕಿನ ಕೊನೆಯ ಪುಟ ತೆಗೆದು ತೋರಿಸಿದರು. ಒಂದರ ಕೆಳಗೊಂದು ಅಂಕಿಗಳು: 19, 18, 17, 15, 14. ಪಕ್ಕದಲ್ಲಿ ತಾರೀಖು. ಇಪ್ಪತ್ತಕ್ಕೆ ಪಡೆದ ಅಂಕಗಳೆಂದು ತಂದೆ ತಿಳಿದಿದ್ದರು. ನನಗೂ ಮೊದಲು ಹಾಗೇ ಅನಿಸಿತು. ಆದರೆ ಆ ತಾರೀಖುಗಳಲ್ಲಿ ನಾನು ಯಾವ ಪರೀಕ್ಷೆಯನ್ನೂ ಕೊಟ್ಟಿರಲಿಲ್ಲ.

ಮರುದಿನ ಪಾಠ ಮುಗಿದ ಮೇಲೆ ಹುಡುಗನನ್ನು ಕೂರಿಸಿಕೊಂಡು ಕೇಳಿದೆ. ತಲೆ ತಗ್ಗಿಸಿ ನಿಂತ. ಆಮೇಲೆ ಹೇಳಿದ: "ಅವು ಮಾರ್ಕ್ಸ್ ಅಲ್ರಿ ಸರ. ಮಿನಿಟ್ ಅದಾವ್ರಿ. ತಿಕೋಟಾದಿಂದ ಇಲ್ಲಿಗೆ ಬೈಕ್ ಮ್ಯಾಲೆ ಬಂದದ್ದು."

20 ಕಿಲೋಮೀಟರಿಗೆ 14 ನಿಮಿಷ. ಸರಾಸರಿ ವೇಗವೇ ಗಂಟೆಗೆ 86 ಕಿಲೋಮೀಟರ್! ಹಾಗಾದರೆ ನಡುವೆ ಎಷ್ಟರಲ್ಲಿ ಓಡಿಸಿರಬೇಕು? ಕಬ್ಬಿನ ಟ್ರ್ಯಾಕ್ಟರು, ಎತ್ತಿನ ಗಾಡಿ, ಶಾಲೆಯ ಮಕ್ಕಳು, ಕುರಿ ಹಿಂಡು ಎಲ್ಲ ಇರುವ ರಸ್ತೆಯಲ್ಲಿ! ನನ್ನ ಎದೆ ಝಲ್ಲೆಂದಿತು. ಬೈಯಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವನೇ, "ನಾ ರೇಸರ್ ಆಗ್ತೀನ್ರಿ ಸರ. ಅರ್ಜುನ್ ಮೈನಿ ಹಂಗ" ಎಂದ.

ಅವನು ಸಿನಿಮಾ ನಟರ ಹೆಸರು ಹೇಳಿದ್ದರೆ ಬೈದು ಕಳಿಸುತ್ತಿದ್ದೆನೇನೋ. ನಿಜವಾಗಿ ಇರುವ, ನಮ್ಮದೇ ರಾಜ್ಯದ ಒಬ್ಬ ಯುವಕನ ಹೆಸರು ಹೇಳಿದ್ದರಿಂದ ಬಾಯಿ ಮುಚ್ಚಿಕೊಂಡೆ. ಆ ಯುವಕನ ಕಥೆಯನ್ನು ಪೂರ್ತಿ ತಿಳಿದುಕೊಂಡೇ ಮಾತಾಡಬೇಕೆಂದು ನಿಶ್ಚಯಿಸಿದೆ.

ಬೆಂಗಳೂರಿನಿಂದ ಜರ್ಮನಿಗೆ

ಅರ್ಜುನ್ ಮೈನಿ ಹುಟ್ಟಿದ್ದು 1997ರ ಡಿಸೆಂಬರ್ 10ರಂದು, ಬೆಂಗಳೂರಿನಲ್ಲಿ. ತಂದೆ ಗೌತಮ್ ಮೈನಿ ಉದ್ಯಮಿ. ಚಿಕ್ಕಪ್ಪ ಚೇತನ್ ಮೈನಿ ಬೆಂಗಳೂರಿನಲ್ಲಿ ರೇವಾ ಎಂಬ ಪುಟ್ಟ ವಿದ್ಯುತ್ ಕಾರನ್ನು ತಯಾರಿಸಿ 2001ರಲ್ಲಿ ಮಾರುಕಟ್ಟೆಗೆ ತಂದವರು. ಅರ್ಜುನ್ ಮೊದಲು ಓಡಿಸಿದ್ದು ಗೋ-ಕಾರ್ಟ್ ಎಂಬ, ನೆಲಕ್ಕೆ ಅಂಟಿಕೊಂಡಂತಿರುವ ಚಿಕ್ಕ ರೇಸಿನ ಬಂಡಿ. 2011ರಲ್ಲಿ ಫೋರ್ಸ್ ಇಂಡಿಯಾ ತಂಡವು ಭಾರತದ ಎಳೆಯ ಚಾಲಕರನ್ನು ಹುಡುಕಲು ಸ್ಪರ್ಧೆ ನಡೆಸಿದಾಗ ಗೆದ್ದವರು ಇವರೇ. ಆಗ ಇವರಿಗೆ ಹದಿಮೂರು ವರ್ಷ.

2014ರಲ್ಲಿ ಬ್ರಿಟನ್ನಿನ ಫಾರ್ಮುಲಾ 4 ಸರಣಿಯಲ್ಲಿ ಇವರು ಎರಡನೆಯವರಾದರು. ಮೊದಲನೆಯವರಾದ ಜಾರ್ಜ್ ರಸೆಲ್ ಮುಂದೆ ಫಾರ್ಮುಲಾ 1 ರೇಸುಗಳನ್ನು ಗೆದ್ದರು. ಅರ್ಜುನ್ ಕೂಡ ಅದೇ ಏಣಿ ಹತ್ತುತ್ತ ಹೋದರು. 2017ರಲ್ಲಿ ಸ್ಪೇನಿನ ಬಾರ್ಸಿಲೋನಾದಲ್ಲಿ ಜಿಪಿ3 ಸರಣಿಯ ರೇಸೊಂದನ್ನು ಗೆದ್ದರು. ಆ ಸರಣಿಯಲ್ಲಿ ಗೆದ್ದ ಮೊದಲ ಭಾರತೀಯ ಅವರು. ಅದೇ ವರ್ಷ ಅಮೆರಿಕದ ಹಾಸ್ ತಂಡವು ತನ್ನ ಫಾರ್ಮುಲಾ 1 ಬಳಗಕ್ಕೆ ಅವರನ್ನು ಅಭಿವೃದ್ಧಿ ಚಾಲಕನಾಗಿ ಸೇರಿಸಿಕೊಂಡಿತು. ಇನ್ನೊಂದೇ ಮೆಟ್ಟಿಲು ಉಳಿದಂತೆ ಕಾಣುತ್ತಿತ್ತು.

ಆ ಮೆಟ್ಟಿಲು ಫಾರ್ಮುಲಾ 2. 2018ರಲ್ಲಿ ಇಟಲಿಯ ಟ್ರೈಡೆಂಟ್ ತಂಡದಿಂದ ಇಳಿದರು. ಆ ವರ್ಷ ಚೆನ್ನಾಗಿ ನಡೆಯಲಿಲ್ಲ. ಬ್ರಿಟನ್ನಿನ ಸಿಲ್ವರ್‌ಸ್ಟೋನಿನಲ್ಲಿ ರೇಸು ಮುಗಿದ ಮೇಲೆ ಅವರ ತಂಡದವನೇ ಆದ ಚಾಲಕ ತನ್ನ ಕಾರನ್ನು ಅವರ ಕಾರಿಗೆ ತಾಗಿಸಿದ. ಅವನಿಗೆ ನಾಲ್ಕು ರೇಸುಗಳ ನಿಷೇಧವಾಯಿತು, ತಂಡ ಅವನನ್ನು ಕೈಬಿಟ್ಟಿತು. ಇಂಥದ್ದೆಲ್ಲ ನಡೆದ ಆ ವರ್ಷದ ಕೊನೆಗೆ ಫಾರ್ಮುಲಾ 1ರ ಬಾಗಿಲು ತೆರೆಯಲಿಲ್ಲ. ಆಗ ಇವರಿಗೆ 21 ವರ್ಷ. ಹದಿಮೂರರಿಂದ ಕಂಡ ಕನಸು. ನಮ್ಮ ಮಕ್ಕಳ ಭಾಷೆಯಲ್ಲಿ ಹೇಳುವುದಾದರೆ ಸೀಟು ಸಿಗಲಿಲ್ಲ.

ಮುಂದೆ ಅವರು ಮಾಡಿದ್ದೇ ಮುಖ್ಯ. ದಾರಿ ಬದಲಿಸಿದರು, ಆಟ ಬಿಡಲಿಲ್ಲ. 2019ರಲ್ಲಿ ದೀರ್ಘ ಓಟದ ಕಾರುಗಳಿಗೆ ಬಂದರು. ಯುರೋಪಿನ ಲ ಮಾನ್ ಸರಣಿಯಲ್ಲಿ ಓಡಿದರು. ಆ ಜೂನ್‌ನಲ್ಲಿ ಫ್ರಾನ್ಸಿನ ಸುಪ್ರಸಿದ್ಧ ಲ ಮಾನ್ 24 ತಾಸಿನ ರೇಸಿಗೆ ಕೆನಡಾದ ಜಾನ್ ಫರಾನೊ, ಫ್ರಾನ್ಸಿನ ನಾರ್ಮನ್ ನಾಟೊ ಅವರೊಂದಿಗೆ ಇಳಿದರು. 2021ರ ಫೆಬ್ರವರಿಯಲ್ಲಿ ಏಷ್ಯನ್ ಲ ಮಾನ್ ಸರಣಿಯಲ್ಲಿ ನರೇನ್ ಕಾರ್ತಿಕೇಯನ್, ನವೀನ್ ರಾವ್ ಅವರ ಜೊತೆ ಒಂದೇ ಕಾರು ಹಂಚಿಕೊಂಡರು. ಮೂವರೂ ಭಾರತೀಯರೇ. ನರೇನ್ 2005ರಲ್ಲಿ ಫಾರ್ಮುಲಾ 1ರಲ್ಲಿ ಓಡಿದ ಮೊದಲ ಭಾರತೀಯ ಎಂಬುದು ಓದುಗರಿಗೆ ನೆನಪಿರಬಹುದು.

ಅದೇ 2021ರಲ್ಲಿ ಅರ್ಜುನ್ ಜರ್ಮನಿಯ ಡಿಟಿಎಂ ಸರಣಿಗೆ ಸೇರಿದರು. ಅಲ್ಲಿ ಓಡಿದ ಮೊದಲ ಭಾರತೀಯ ಅವರೇ. ಮೊದಲ ವರ್ಷ ಗೆಟ್‌ಸ್ಪೀಡ್ ತಂಡದ ಮರ್ಸಿಡಿಸ್. 2022ರಿಂದ ಹಾಪ್ಟ್ ರೇಸಿಂಗ್ ತಂಡದ ಮರ್ಸಿಡಿಸ್. 2025ರಲ್ಲಿ ಅದೇ ತಂಡದ ಫೋರ್ಡ್ ಮಸ್ಟಾಂಗ್. ಅವರ ತಮ್ಮ ಕುಶ್ ಮೈನಿ ಫಾರ್ಮುಲಾ 2ರಲ್ಲಿ ಓಡುತ್ತ 2025ರಲ್ಲಿ ಮೊನಾಕೊದಲ್ಲಿ ಸ್ಪ್ರಿಂಟ್ ರೇಸು ಗೆದ್ದರು.

ಸೋತವರ ಮನೆಯಲ್ಲ

ಡಿಟಿಎಂ ಎಂದರೆ ಏನು? ಜರ್ಮನಿಯಲ್ಲಿ 1984ರಲ್ಲಿ ಆರಂಭವಾದ ಟೂರಿಂಗ್ ಕಾರುಗಳ ಸರಣಿಯ ವಂಶ ಇದು. 1996ಕ್ಕೆ ನಿಂತುಹೋಗಿ 2000ದಲ್ಲಿ ಮತ್ತೆ ಹುಟ್ಟಿತು. ಟೂರಿಂಗ್ ಕಾರು ಎಂದರೆ ನಾವು ರಸ್ತೆಯಲ್ಲಿ ಕಾಣುವ ಕಾರಿನ ರೂಪವನ್ನೇ ಉಳಿಸಿಕೊಂಡು ರೇಸಿಗೆ ಸಜ್ಜು ಮಾಡಿದ ಕಾರು. 2021ರಿಂದ ಅಲ್ಲಿ ಜಿಟಿ3 ಎಂಬ ವರ್ಗದ ಕಾರುಗಳು ಓಡುತ್ತಿವೆ. ಅವೂ ಶೋರೂಮಿನಲ್ಲಿ ಮಾರುವ ಕ್ರೀಡಾ ಕಾರುಗಳಿಂದಲೇ ರೂಪುಗೊಂಡವು.

ಫಾರ್ಮುಲಾ 1 ಸಿಗದವರು ಹೋಗುವ ಜಾಗ ಇದು ಎಂದು ಮೂಗು ಮುರಿಯುವವರು ಇದ್ದಾರೆ. ಅವರು ಬರ್ಂಡ್ ಶ್ನೈಡರ್ ಎಂಬ ಜರ್ಮನ್ ಚಾಲಕನ ಜೀವನವನ್ನು ನೋಡಬೇಕು. 1964ರಲ್ಲಿ ಹುಟ್ಟಿದ ಶ್ನೈಡರ್ 1988ರಲ್ಲಿ ಫಾರ್ಮುಲಾ 1ಕ್ಕೆ ಹೋದರು. ಮೂರು ವರ್ಷಗಳಲ್ಲಿ 34 ರೇಸುಗಳಿಗೆ ಹೆಸರು ಕೊಟ್ಟರು. ಅವುಗಳಲ್ಲಿ ಓಟ ಆರಂಭಿಸಲು ಅರ್ಹತೆ ಸಿಕ್ಕಿದ್ದು ಒಂಬತ್ತಕ್ಕೆ ಮಾತ್ರ. ಉಳಿದ ವಾರಗಳಲ್ಲಿ ಶನಿವಾರವೇ, ಕೆಲವೊಮ್ಮೆ ಶುಕ್ರವಾರವೇ ಸಾಮಾನು ಕಟ್ಟಿಕೊಂಡು ಮನೆಗೆ ಹೊರಡುವ ಪಾಡು. ನಮ್ಮಲ್ಲಾದರೆ ಬಂಧುಬಳಗ ಸುಮ್ಮನೆ ಬಿಡುತ್ತಿತ್ತೇ?

ಅದೇ ಶ್ನೈಡರ್ ಟೂರಿಂಗ್ ಕಾರಿಗೆ ಬಂದು 1995, 2000, 2001, 2003 ಮತ್ತು 2006ರಲ್ಲಿ, ಹೀಗೆ ಐದು ಬಾರಿ ಚಾಂಪಿಯನ್ ಆದರು. 1997ರಲ್ಲಿ ಜಿಟಿ ಕಾರುಗಳ ವಿಶ್ವಮಟ್ಟದ ಸರಣಿಯನ್ನೂ ಗೆದ್ದರು. 2008ರ ಕೊನೆಗೆ ಡಿಟಿಎಂನಿಂದ ನಿವೃತ್ತರಾದರು. ಕಥೆ ಅಲ್ಲಿಗೇ ಮುಗಿಯಲಿಲ್ಲ. 2013ರ ಒಂದೇ ವರ್ಷದಲ್ಲಿ ದುಬೈಯ 24 ತಾಸು, ಆಸ್ಟ್ರೇಲಿಯಾದ ಬಾಥರ್ಸ್ಟ್ 12 ತಾಸು, ನ್ಯೂರ್ಬರ್ಗ್‌ರಿಂಗಿನ 24 ತಾಸು, ಬೆಲ್ಜಿಯಂನ ಸ್ಪಾ 24 ತಾಸು, ಈ ನಾಲ್ಕೂ ಓಟಗಳನ್ನು ಜೊತೆಗಾರರೊಂದಿಗೆ ಗೆದ್ದರು. ಆ ಜುಲೈಗೆ ಅವರಿಗೆ 49 ತುಂಬಿತ್ತು. ಇಪ್ಪತ್ತೈದರಲ್ಲಿ ಅರ್ಹತೆ ಸಿಗದವನು ನಲವತ್ತೊಂಬತ್ತರಲ್ಲಿ ಗೆದ್ದ ಎಂದರೆ, ಒಂದು ಪರೀಕ್ಷೆಯ ಫಲಿತಾಂಶ ನೋಡಿ ಮಕ್ಕಳ ಬಾಳನ್ನೇ ತೀರ್ಮಾನಿಸುವ ನಾವು ಸ್ವಲ್ಪ ತಡೆದು ಯೋಚಿಸಬೇಕಲ್ಲವೇ?

ವೇಗಕ್ಕಿಂತ ದೊಡ್ಡದು

ದೀರ್ಘ ಓಟದಲ್ಲಿ ಕಾರು ಒಂದೇ, ಚಾಲಕರು ಮೂವರೋ ನಾಲ್ವರೋ. ಲ ಮಾನ್‌ನಲ್ಲಿ ಯಾವ ಚಾಲಕನೂ ಆರು ತಾಸಿನ ಅವಧಿಯಲ್ಲಿ ನಾಲ್ಕು ತಾಸಿಗಿಂತ ಹೆಚ್ಚು, ಒಟ್ಟಾರೆ 14 ತಾಸಿಗಿಂತ ಹೆಚ್ಚು ಓಡಿಸುವಂತಿಲ್ಲ. ಮೈದಣಿದವನಿಗೆ ತಪ್ಪು ಹೆಚ್ಚು ಎಂಬುದು ನಿಯಮ ಮಾಡಿದವರಿಗೆ ಗೊತ್ತು. ಒಬ್ಬನು ಆತುರಪಟ್ಟು ಕಾರು ಕೆಡಿಸಿದರೆ ಉಳಿದವರ ದುಡಿಮೆಯೂ ಮಣ್ಣುಪಾಲು. ಆದ್ದರಿಂದ ಅಲ್ಲಿ ಬೆಲೆ ಇರುವುದು ಒಂದು ಸುತ್ತನ್ನು ಎಲ್ಲರಿಗಿಂತ ಬೇಗ ಓಡಿಸುವವನಿಗಲ್ಲ. ನೂರು ಸುತ್ತನ್ನು ಒಂದೇ ಸಮನೆ ಓಡಿಸಿ, ಟೈರು, ಬ್ರೇಕು, ಇಂಧನ ಉಳಿಸಿ, ಕಾರನ್ನು ಗೀರಿಲ್ಲದೆ ಜೊತೆಗಾರನ ಕೈಗೆ ಒಪ್ಪಿಸುವವನಿಗೆ.

ಇನ್ನೊಂದು ಸಂಗತಿ ನಮ್ಮ ಹುಡುಗರಿಗೆ ಆಶ್ಚರ್ಯವೆನಿಸಬಹುದು. ನ್ಯೂರ್ಬರ್ಗ್‌ರಿಂಗಿನ ಆ ರೇಸಿನಲ್ಲಿ ಎಲ್ಲಾದರೂ ಅಪಘಾತವಾಗಿ ಸಿಬ್ಬಂದಿ ಟ್ರ್ಯಾಕಿಗೆ ಇಳಿದರೆ ಆ ಭಾಗದಲ್ಲಿ 'ಕೋಡ್ 60' ಫಲಕ ತೋರಿಸುತ್ತಾರೆ. ಅಲ್ಲಿ ಗಂಟೆಗೆ 60 ಕಿಲೋಮೀಟರಿಗಿಂತ ಹೆಚ್ಚು ಹೋದವರಿಗೆ ದಂಡನೆ. 250ರಲ್ಲಿ ಬರುವ ಕಾರು 60ಕ್ಕೆ ಇಳಿಯಲೇಬೇಕು, ರೇಸು ಸೋತರೂ ಸರಿಯೇ. ರಸ್ತೆಯ ಮೇಲೆ ಮನುಷ್ಯ ಇದ್ದಾನೆ ಎಂಬುದೊಂದೇ ಕಾರಣ.

ಈ ಎಚ್ಚರ ಸುಮ್ಮನೆ ಬಂದದ್ದಲ್ಲ. 1955ರಲ್ಲಿ ಲ ಮಾನ್‌ನಲ್ಲಿ ಕಾರೊಂದು ಪ್ರೇಕ್ಷಕರ ನಡುವೆ ನುಗ್ಗಿ 80ಕ್ಕೂ ಹೆಚ್ಚು ಜನ ಸತ್ತರು. 1976ರಲ್ಲಿ ನ್ಯೂರ್ಬರ್ಗ್‌ರಿಂಗಿನಲ್ಲಿ ವಿಶ್ವ ಚಾಂಪಿಯನ್ ನಿಕಿ ಲೌಡಾ ಉರಿಯುವ ಕಾರಿನಲ್ಲಿ ಸಿಕ್ಕಿಕೊಂಡು ಸಾವಿನ ದವಡೆಯಿಂದ ಪಾರಾದರು. ಹೆಲ್ಮೆಟ್ಟು, ಬೆಂಕಿ ತಗುಲದ ಉಡುಪು, ಕಾರಿನೊಳಗಿನ ಉಕ್ಕಿನ ಪಂಜರ, ಕುತ್ತಿಗೆ ಕಾಯುವ ಪಟ್ಟಿ, ದಾರಿಯುದ್ದ ಕಾವಲುಗಾರರು, ಸಿದ್ಧವಾಗಿ ನಿಂತ ವೈದ್ಯರು, ಇವೆಲ್ಲ ಇಂಥ ಪಾಠಗಳಿಂದ ಬಂದವು. ಇಷ್ಟೆಲ್ಲ ಇದ್ದೂ ಅಪಾಯ ತಪ್ಪಿಲ್ಲ. ತಿಕೋಟಾ ದಾರಿಯಲ್ಲಿ ಇವುಗಳಲ್ಲಿ ಒಂದಾದರೂ ಇದೆಯೇ?

ಬೈಕಿನ ದಾರಿ ಹಿಡಿದವರು

ಕಾರು ರೇಸು ಹಣವಂತರ ಆಟ ಎಂಬ ಮಾತನ್ನು ಅಲ್ಲಗಳೆಯಲಾಗದು. ಯುರೋಪಿನಲ್ಲಿ ಒಂದು ವರ್ಷ ಓಡಲು ಕೋಟಿಗಳ ಲೆಕ್ಕದಲ್ಲಿ ಖರ್ಚು. ಮೈನಿ ಮನೆತನಕ್ಕೆ ಉದ್ಯಮದ ಬಲ ಇತ್ತು. ದ್ರಾಕ್ಷಿ ಬೆಳೆದು ಬ್ಯಾಂಕಿನ ಕಂತು ಕಟ್ಟುವ ಮನೆಗೆ ಅದು ಇಲ್ಲ. ಇದನ್ನು ಮಕ್ಕಳಿಂದ ಮುಚ್ಚಿಡಬಾರದು.

ಆದರೆ ಬೈಕಿನ ದಾರಿಯಲ್ಲಿ ಹೋಗಿ ಕಂಪನಿಗಳ ಬೆಂಬಲ ಗಳಿಸಿದವರೂ ನಮ್ಮ ರಾಜ್ಯದಲ್ಲಿ ಇದ್ದಾರೆ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಜಗತ್ತಿನ ಅತಿ ಕಠಿಣ ರ್‍ಯಾಲಿಯಾದ ಡಾಕರ್‌ನಲ್ಲಿ ಓಡಿ ಮುಗಿಸಿದ ಮೊದಲ ಭಾರತೀಯ, ಸ್ಥಾನ 36. ಉಡುಪಿಯ ಕೆ.ಪಿ. ಅರವಿಂದ್ ಟಿವಿಎಸ್ ತಂಡದಿಂದ 2017 ಮತ್ತು 2018ರಲ್ಲಿ ಡಾಕರ್‌ಗೆ ಹೋಗಿ ಎರಡೂ ಸಲ ನಡುವೆಯೇ ಹೊರಬಿದ್ದರು. 2019ರಲ್ಲಿ ಮತ್ತೆ ಹೋಗಿ 37ನೆಯವರಾಗಿ ಮುಗಿಸಿದರು. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಬಾಹಾ ರ್‍ಯಾಲಿಗಳ ವಿಶ್ವಕಪ್‌ನಲ್ಲಿ ಮಹಿಳಾ ವಿಭಾಗದ ಪ್ರಶಸ್ತಿ ಗೆದ್ದರು. ಇದೇ ದಾರಿಯ ಇನ್ನೊಂದು ಮುಖವನ್ನೂ ಹೇಳಬೇಕು: 2021ರ ಡಾಕರ್‌ನಲ್ಲಿ ಸಂತೋಷ್ ಬಿದ್ದು ತಲೆಗೆ ಏಟಾಗಿ, ವೈದ್ಯರು ಅವರನ್ನು ಕೆಲವು ದಿನ ಔಷಧಿಯಿಂದ ಪ್ರಜ್ಞಾಹೀನ ಸ್ಥಿತಿಯಲ್ಲೇ ಇರಿಸಬೇಕಾಯಿತು. ಎಲ್ಲ ರಕ್ಷಾಕವಚ ತೊಟ್ಟ, ವರ್ಷಗಟ್ಟಲೆ ಪಳಗಿದ ಸವಾರನಿಗೇ ಹೀಗಾಯಿತು.

ರೇಸಿಗೆ ಇಳಿಯುವವರಿಗೆ ಫೆಡರೇಷನ್ ಆಫ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಸ್ ಆಫ್ ಇಂಡಿಯಾ ಎಂಬ ಸಂಸ್ಥೆಯ ಪರವಾನಗಿ ಬೇಕು. ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ, ಕೊಯಮತ್ತೂರಿನ ಕರಿ ಮುಂತಾದ ಕಡೆ ಟ್ರ್ಯಾಕುಗಳಿವೆ. ಇನ್ನೊಂದು ದಾರಿ ಓದಿನದು. ಒಂದು ರೇಸ್ ತಂಡದಲ್ಲಿ ಚಾಲಕರು ಇಬ್ಬರಾದರೆ ಎಂಜಿನಿಯರುಗಳು, ಮೆಕ್ಯಾನಿಕ್‌ಗಳು, ಲೆಕ್ಕ ನೋಡುವವರು ಹತ್ತಾರು. ಕಾರಿನಿಂದ ಬರುವ ಅಂಕಿಗಳನ್ನು ಓದಿ, ಯಾವ ಸುತ್ತಿನಲ್ಲಿ ಟೈರು ಬದಲಿಸಬೇಕೆಂದು ಹೇಳುವವರು ಅವರೇ. ನಮ್ಮ ದೇಶದಲ್ಲಿ 2007ರಿಂದ ನಡೆಯುತ್ತಿರುವ ಬಾಹಾ ಎಸ್‌ಎಇ ಸ್ಪರ್ಧೆಯಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಾವೇ ಬಂಡಿ ಕಟ್ಟಿ ಓಡಿಸುತ್ತಾರೆ. ಅಲ್ಲೂ ಕೊನೆಯ ಪರೀಕ್ಷೆ ದೀರ್ಘ ಓಟವೇ. ಇನ್ನು ಕಸುವಿನ ಓಟ ಬೇಕೆನ್ನುವವರಿಗೆ ನಮ್ಮಲ್ಲೇ ಸೈಕಲ್ ಇದೆ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ಸೈಕ್ಲಿಂಗ್‌ಗೆ ಹೆಸರಾದವು. ವಿಜಯಪುರದ ಕ್ರೀಡಾ ನಿಲಯದಲ್ಲಿ ಪಳಗಿದ ಮಕ್ಕಳು ರಾಷ್ಟ್ರಮಟ್ಟದಲ್ಲಿ ಪದಕ ತಂದಿದ್ದಾರೆ.

ಹುಡುಗನಿಗೆ ಕೊಟ್ಟ ಮನೆಪಾಠ

ಇದನ್ನೆಲ್ಲ ಹುಡುಗನ ಮುಂದೆ ಹೇಳಿದೆ. ಕೇಳಿಸಿಕೊಂಡ. ಆದರೆ ಬರೀ ಮಾತಿನಿಂದ ಹರೆಯದವರು ಬದಲಾಗುವುದಿಲ್ಲ ಎಂಬುದು ನನ್ನ ಅನುಭವ. ಅದಕ್ಕೆ ಒಂದು ಲೆಕ್ಕ ಕೊಟ್ಟೆ.

"ತಮ್ಮಾ, ಒಣ ಡಾಂಬರು, ಒಳ್ಳೆ ಬ್ರೇಕು ಅಂತ ಹಿಡಿ. ಸೆಕೆಂಡಿಗೆ ಸೆಕೆಂಡಿಗೆ ಆರು ಮೀಟರ್‌ನಂತೆ ವೇಗ ಇಳಿತದ. 40ರಾಗ ಬ್ರೇಕ್ ಹಾಕಿದ್ರ ಎಷ್ಟು ದೂರಕ್ಕ ನಿಲ್ತದ? 80ರಾಗ?"

ಅವನು ಅಲ್ಲೇ ಕೂತು ಮಾಡಿದ. 40ರಲ್ಲಿ ಸುಮಾರು 10 ಮೀಟರ್. 80ರಲ್ಲಿ 41. ವೇಗ ಇಮ್ಮಡಿಯಾದರೆ ನಿಲ್ಲುವ ದೂರ ನಾಲ್ಕು ಪಟ್ಟು. ಅದು ಪಠ್ಯದಲ್ಲೇ ಇದೆ. ಪರೀಕ್ಷೆಯಲ್ಲಿ ಅವನು ಬರೆದೂ ಇದ್ದ. "ಈಗ ನೀ ಎತ್ತು ಕಂಡು ಬ್ರೇಕ್ ಹಾಕಾಕ ಒಂದು ಸೆಕೆಂಡ್ ಬೇಕು ಅಂತ ಸೇರಿಸು. ನಿನ್ನ 86ಕ್ಕ ಲೆಕ್ಕ ಮಾಡು" ಎಂದೆ. ಬ್ರೇಕು ಮುಟ್ಟುವ ಮೊದಲೇ 24 ಮೀಟರ್, ಆಮೇಲೆ 47. ಒಟ್ಟು 71 ಮೀಟರ್. ಅವನು ಪೆನ್ನು ಕೆಳಗಿಟ್ಟು ಸುಮ್ಮನೆ ಕೂತ.

"ರೇಸಿನವರು ಓಟದ ಮೊದಲು ಟ್ರ್ಯಾಕಿನ ಮೇಲೆ ಕಾಲಾಗ ನಡೀತಾರ. ನೀನೂ ನಿನ್ನ ಟ್ರ್ಯಾಕ್ ನೋಡ್ಕೊಂಡು ಬಾ. 71 ಮೀಟರ್ ಮುಂದ ಕಾಣದ ಜಾಗ ಎಲ್ಲೆಲ್ಲಿ ಅದಾವ, ಬರ್ಕೊಂಡು ಬಾ" ಎಂದು ಕಳಿಸಿದೆ.

ಮುಂದಿನ ಭಾನುವಾರ ಅವನು ಸೈಕಲ್ ಮೇಲೆ ಆ ದಾರಿಯುದ್ದಕ್ಕೂ ಹೋಗಿ ಬಂದ. ನೋಟ್‌ಬುಕ್ಕಿನಲ್ಲಿ ನಕ್ಷೆ ಬರೆದಿದ್ದ. ಹೊಲದ ದಾರಿ ರಸ್ತೆಗೆ ಕೂಡುವ ಜಾಗ, ಗಿಡದ ಮರೆ, ಶಾಲೆಯ ಗೇಟು, ಸಂಜೆ ಟ್ರ್ಯಾಕ್ಟರು ನಿಲ್ಲುವ ತಿರುವು: ಹನ್ನೊಂದು ಗುರುತು. ಹನ್ನೊಂದನೆಯದರ ಎದುರು ಅವನು ಬರೆದದ್ದು: 'ನಮ್ಮ ಪಡದ ದಾರಿ. ಅವ್ವ ಇಲ್ಲೇ ರಸ್ತೆ ದಾಟ್ತಾಳ.'

ನಾನು ಏನೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ತಂದೆತಾಯಿಗಳಿಗೆ ಒಂದು ಮಾತು. 18 ತುಂಬದ ಮಕ್ಕಳಿಗೆ ಗೇರಿನ ಬೈಕು ಕೊಡುವುದು ಪ್ರೀತಿಯಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ ಅಪ್ರಾಪ್ತರು ವಾಹನ ಓಡಿಸಿ ಅಪರಾಧ ಎಸಗಿದರೆ ಪಾಲಕರಿಗೆ ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆವಾಸ. ವಾಹನದ ನೋಂದಣಿ ಒಂದು ವರ್ಷ ರದ್ದು. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಮಗನಿಗೆ ವೇಗದ ಹುಚ್ಚು ಇದ್ದರೆ ಅದನ್ನು ಹೊಡೆದು ಬಿಡಿಸಲು ಹೋಗಬೇಡಿ. ಅವನ ನೋಟ್‌ಬುಕ್ಕಿನ ಕೊನೆಯ ಪುಟವನ್ನು ಒಮ್ಮೆ ನೋಡಿ. ಅಲ್ಲಿರುವುದು ಏನೆಂದು ಕೇಳಿ.

ಆ ಹುಡುಗ ಈಗ ಬಸ್ಸಿಗೆ ಬರುತ್ತಾನೆ. ರೇಸಿನ ಕನಸು ಬಿಟ್ಟಿಲ್ಲ. ಬಿಡು ಎಂದು ನಾನೂ ಹೇಳಿಲ್ಲ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ ಬಾಹಾ ತಂಡ ಸೇರುತ್ತೇನೆ ಎನ್ನುತ್ತಾನೆ. ಮೊನ್ನೆ ಅವನ ತಂದೆ ಒಣದ್ರಾಕ್ಷಿ ಪೊಟ್ಟಣ ಹಿಡಿದು ಬಂದಿದ್ದರು. ಹೊರಡುವಾಗ ಬಾಗಿಲಲ್ಲಿ ನಿಂತು ನಕ್ಕರು.

"ಸರ, ನೋಟ್‌ಬುಕ್ಕಿನ್ಯಾಗ ಈಗ 40, 42 ಅಂತ ಬರದಾನ್ರಿ. ಬಸ್ ಟೈಮ್ ಅಂತ. ಮಾರ್ಕ್ಸ್ ಅಲ್ಲಂತ ಗೊತ್ತೈತ್ರಿ. ಆದ್ರೂ ಏರ್‍ಯಾವಲ್ರಿ, ನಮಗ ಅಷ್ಟ ಸಾಕು."